ಪದ ಗೊತ್ತು, ಉತ್ತರ ತಪ್ಪು: ಕನ್ನಡ ಮಾಧ್ಯಮದ ಹುಡುಗಿಯೊಬ್ಬಳ ಜಿಆರ್‌ಇ ತಯಾರಿಯ ಪ್ರಕರಣ ಅಧ್ಯಯನ

ಈ ಪ್ರಕರಣದ ಹುಡುಗಿ ಸಿವಿಲ್ ಇಂಜಿನಿಯರ್. ಅರಸೀಕೆರೆ ಕಡೆಯವಳು. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ, ಪಿಯುಸಿಯಿಂದ ಇಂಗ್ಲಿಷ್. ಈಗ ವೈಟ್‌ಫೀಲ್ಡ್ ಕಡೆ ಒಂದು ಡಿಸೈನ್ ಕಂಪನಿಯಲ್ಲಿ ಕೆಲಸ. ಇರುವುದು ವಿಜಯನಗರದಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಅಮೆರಿಕಕ್ಕೆ ಹೋಗಿ ನಗರ ಯೋಜನೆ ಓದಬೇಕು ಅನ್ನುವುದು ಅವಳ ಆಸೆ. ಅರ್ಜಿ ಹಾಕಬೇಕೆಂದಿದ್ದ ಕೋರ್ಸುಗಳಲ್ಲಿ ಕೆಲವು ಜಿಆರ್‌ಇ ಅಂಕ ಕೇಳುತ್ತಿದ್ದವು. ಸ್ನಾತಕೋತ್ತರ ಕೋರ್ಸುಗಳ ಪ್ರವೇಶಕ್ಕೆ ಬರೆಯುವ ಪರೀಕ್ಷೆ ಅದು. ಗಣಿತದ ಬಗ್ಗೆ ಅವಳಿಗೆ ಭಯ ಇರಲಿಲ್ಲ. ಭಯ ಇದ್ದದ್ದು ವರ್ಬಲ್, ಅಂದರೆ ಇಂಗ್ಲಿಷ್ ಭಾಷೆಯ ಭಾಗದ ಬಗ್ಗೆ.

ನಾನು ಪಿಯು ಕಾಲೇಜಿನಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದವಳು. ಅವಳ ಚಿಕ್ಕಮ್ಮ ನನಗೆ ಪರಿಚಯ. 2024ರ ಜೂನ್‌ನಲ್ಲಿ ಅವಳನ್ನು ನನ್ನ ಹತ್ತಿರ ಕಳಿಸಿದರು. ನವೆಂಬರ್‌ನಲ್ಲಿ ಪರೀಕ್ಷೆ ಮುಗಿಯಿತು. ನಡುವಿನ ತಿಂಗಳುಗಳಲ್ಲಿ ಏನು ಮಾಡಿದೆವು, ಏನು ಫಲ ಕೊಟ್ಟಿತು, ಏನು ಕೊಡಲಿಲ್ಲ ಅನ್ನುವುದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದು ಇಂಥ ಪರೀಕ್ಷೆಗೆ ಕೂರುವ ಮಕ್ಕಳು ಬೆಂಗಳೂರಿನಲ್ಲಿ ತುಂಬಾ ಇದ್ದಾರೆ. ಅವರಿಗೆ ಸಿಗುವ ಸಲಹೆಯಲ್ಲಿ ಒಂದು ದೊಡ್ಡ ದೋಷ ಇದೆ ಅಂತ ನನಗೆ ಅನ್ನಿಸುತ್ತದೆ. ಅದನ್ನು ಹೇಳಬೇಕು.

ಮೊದಲು ಪರೀಕ್ಷೆ ಹೇಗಿರುತ್ತದೆ ಅಂತ ನೋಡೋಣ. 2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಚಿಕ್ಕದಾಗಿದೆ, ಒಟ್ಟು 1 ಗಂಟೆ 58 ನಿಮಿಷ. ವರ್ಬಲ್‌ಗೆ ಎರಡು ಸುತ್ತು. ಮೊದಲನೆಯದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15. ಅಂದರೆ ಒಂದು ಪ್ರಶ್ನೆಗೆ ಸುಮಾರು ಒಂದೂವರೆ ನಿಮಿಷ. ಮೊದಲ ಸುತ್ತಿನಲ್ಲಿ ಹೇಗೆ ಮಾಡುತ್ತೀರಿ ಅನ್ನುವುದರ ಮೇಲೆ ಎರಡನೆಯದು ಕಷ್ಟದ್ದು ಬರುತ್ತೋ ಸುಲಭದ್ದು ಬರುತ್ತೋ ತೀರ್ಮಾನವಾಗುತ್ತದೆ. ಅಂಕ 130ರಿಂದ 170ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಸುಮಾರು ಅರ್ಧ ಪ್ರಶ್ನೆಗಳು ಪ್ಯಾಸೇಜ್ ಓದಿ ಉತ್ತರಿಸುವಂಥವು. ಉಳಿದವು ಬಿಟ್ಟ ಸ್ಥಳ ತುಂಬುವಂಥವು. ಇದರಲ್ಲೂ ಎರಡು ಬಗೆ. ಒಂದರಲ್ಲಿ ಒಂದರಿಂದ ಮೂರು ಖಾಲಿ ಜಾಗ ಇರುತ್ತವೆ. ಮೂರಿದ್ದರೆ ಮೂರೂ ಸರಿ ಇದ್ದರೆ ಮಾತ್ರ ಅಂಕ. ಇನ್ನೊಂದರಲ್ಲಿ ಖಾಲಿ ಜಾಗ ಒಂದೇ, ಆಯ್ಕೆ ಆರು. ಅವುಗಳಲ್ಲಿ ಎರಡನ್ನು ಆರಿಸಬೇಕು. ಯಾವುದನ್ನು ಹಾಕಿದರೂ ವಾಕ್ಯದ ಅರ್ಥ ಒಂದೇ ಆಗಿರಬೇಕು.

ಇಲ್ಲಿ ಒಂದು ಹಳೇ ಸಂಗತಿ ನೆನಪಿಡಬೇಕು. 2011ರ ಆಗಸ್ಟ್‌ಗೆ ಮುಂಚೆ ಈ ಪರೀಕ್ಷೆಯಲ್ಲಿ ವಿರುದ್ಧಾರ್ಥಕ ಪದ ಕೇಳುತ್ತಿದ್ದರು, ಪದಜೋಡಿಗಳ ಸಂಬಂಧ ಕೇಳುತ್ತಿದ್ದರು. ಆಗ ಪಟ್ಟಿ ಬಾಯಿಪಾಠ ಮಾಡಿದರೆ ಅಂಕ ನೇರವಾಗಿ ಬರುತ್ತಿತ್ತು. ಆ ಎರಡು ಬಗೆಯ ಪ್ರಶ್ನೆಗಳನ್ನು ತೆಗೆದುಹಾಕಿ ವರ್ಷಗಳೇ ಕಳೆದಿವೆ. ಪಟ್ಟಿ ಉರುಹೊಡೆಯುವ ಅಭ್ಯಾಸ ಮಾತ್ರ ಹಾಗೇ ಉಳಿದುಕೊಂಡಿದೆ.

ಅವಳು ತಂದ ನೋಟ್‌ಬುಕ್

ಬರುವಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿದ್ದಳು. ಎಡಕ್ಕೆ ಪದ, ಬಲಕ್ಕೆ ಅರ್ಥ. ನೀಟಾದ ಅಕ್ಷರ, ಮೂರು ಬಣ್ಣದ ಪೆನ್ನು. ಸಾವಿರಕ್ಕೂ ಜಾಸ್ತಿ ಪದ ಇದ್ದವು. ಆದರೂ ಮಾಕ್ ಟೆಸ್ಟಿನಲ್ಲಿ, ಅಂದರೆ ಅಭ್ಯಾಸದ ಪರೀಕ್ಷೆಯಲ್ಲಿ, ವರ್ಬಲ್ 146. ಇನ್ನೂ ನಾನ್ನೂರು ಪದ ಸೇರಿಸಿದ ಮೇಲೆ ಮತ್ತೊಂದು ಮಾಕ್ ಬರೆದಳು. ಆಗಲೂ 146. ಅವಳು ಹತಾಶಳಾಗಿದ್ದಳು. “ನನ್ನ ತಲೆಗೆ ಇಂಗ್ಲಿಷ್ ಹತ್ತಲ್ಲ ಮೇಡಂ” ಅಂದಳು.

ನೋಟ್‌ಬುಕ್ ತೆಗೆದು ಒಂದು ಪದ ಕೇಳಿದೆ. ಲ್ಯಾಕೋನಿಕ್. ತಕ್ಷಣ ಹೇಳಿದಳು: “ಟರ್ಸ್.” ಟರ್ಸ್ ಅಂದರೆ? “ಸಕ್ಸಿಂಕ್ಟ್.” ಸಕ್ಸಿಂಕ್ಟ್ ಅಂದರೆ? “ಲ್ಯಾಕೋನಿಕ್... ಅಲ್ವಾ ಮೇಡಂ?” ಮೂರೂ ಪದ ಅವಳಿಗೆ ಬರುತ್ತಿದ್ದವು, ಮೂರರ ಅರ್ಥವೂ ಗೊತ್ತಿರಲಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಸಿಗುತ್ತಿತ್ತು, ಯಾವುದೂ ನೆಲ ಮುಟ್ಟುತ್ತಿರಲಿಲ್ಲ.

ಕನ್ನಡದಲ್ಲಿ ಒಂದು ಕಡೆಯೂ ಯಾಕೆ ಬರೆದಿಲ್ಲ ಅಂತ ಕೇಳಿದೆ. ಅವಳು ಸೇರಿದ್ದ ಕೋಚಿಂಗ್‌ನಲ್ಲಿ ಮೊದಲ ದಿನವೇ ಹೇಳಿದ್ದರಂತೆ: ಮಾತೃಭಾಷೆ ಮರೆತುಬಿಡಿ, ಇಂಗ್ಲಿಷಿನಲ್ಲೇ ಯೋಚಿಸಿ, ಕನ್ನಡದಲ್ಲಿ ಅರ್ಥ ಬರೆದುಕೊಂಡರೆ ಮುಂದೆ ಹೋಗಲ್ಲ ಅಂತ.

ನಾನು ಹೇಳಿದ ದೋಷ ಇದೇ. ಚಿಕ್ಕಂದಿನಿಂದ ಇಂಗ್ಲಿಷಿನಲ್ಲೇ ಬೆಳೆದ ಮಗುವಿಗೆ ಟರ್ಸ್ ಅನ್ನುವುದು ಈಗಾಗಲೇ ಗೊತ್ತಿರುವ ಪದ. ಅದರ ಮೇಲೆ ಲ್ಯಾಕೋನಿಕ್ ನಿಲ್ಲುತ್ತದೆ. ಈ ಹುಡುಗಿಗೆ ಕಾಲೂರಲು ಅಂಥ ಜಾಗ ಇದ್ದದ್ದು ಕನ್ನಡದಲ್ಲಿ. ಅದನ್ನೇ ಬಿಡು ಅಂದರೆ ಅವಳು ಎಲ್ಲಿ ನಿಲ್ಲಬೇಕು? ಲ್ಯಾಕೋನಿಕ್ ಅಂದರೆ ಎರಡೇ ಮಾತಿನಲ್ಲಿ ಮುಗಿಸುವವರು ಅಂದೆ. “ಓ, ನಮ್ಮ ದೊಡ್ಡಪ್ಪ!” ಅಂದಳು. ಆ ಪದವನ್ನು ಅವಳು ಮತ್ತೆ ಮರೆಯಲಿಲ್ಲ.

ತಪ್ಪುಗಳನ್ನು ಬಿಡಿಸಿ ನೋಡಿದಾಗ

ಹೊಸ ಪದ ಕಲಿಯುವುದನ್ನು ಸ್ವಲ್ಪ ದಿನ ಪೂರ್ತಿ ನಿಲ್ಲಿಸಿದೆವು. ಅವಳಿಗೆ ಇಷ್ಟವಿರಲಿಲ್ಲ. ಸಮಯ ಹಾಳು ಅನ್ನಿಸಿತ್ತು. ಆದರೆ ಕಾಯಿಲೆ ಯಾವುದು ಅಂತ ಗೊತ್ತಾಗದೆ ಔಷಧಿ ಕೊಡಲಾಗುವುದಿಲ್ಲ. ಎರಡು ಮಾಕ್‌ಗಳಲ್ಲಿ ತಪ್ಪಾದ ಒಂದೊಂದು ಪ್ರಶ್ನೆಯನ್ನೂ ಮತ್ತೆ ತೆಗೆದು, ಯಾಕೆ ತಪ್ಪಾಯಿತು ಅಂತ ಪಕ್ಕದಲ್ಲಿ ಬರೆಯಿಸಿದೆ. ಪದವೇ ಗೊತ್ತಿರಲಿಲ್ಲವೋ, ಪದ ಗೊತ್ತಿದ್ದೂ ಬೇರೆ ಅರ್ಥ ಹಿಡಿದಳೋ, ವಾಕ್ಯ ಎತ್ತ ತಿರುಗಿತು ಅನ್ನುವುದು ತಪ್ಪಿಹೋಯಿತೋ, ಸಮಯ ಸಾಲಲಿಲ್ಲವೋ.

ಪದ ಗೊತ್ತಿಲ್ಲದ್ದರಿಂದ ಹೋದದ್ದೇ ಹೆಚ್ಚು ಅಂತ ಅವಳು ನಂಬಿದ್ದಳು. ಪುಸ್ತಕ ತೆರೆದು ನೋಡಿದರೆ ಹಾಗಿರಲಿಲ್ಲ. ಬಹುಪಾಲು ತಪ್ಪುಗಳು ಎರಡನೇ ಮತ್ತು ಮೂರನೇ ಕಾರಣದವು.

ಒಂದು ಉದಾಹರಣೆ. ಅಂಥದ್ದೇ ಒಂದು ಪ್ರಶ್ನೆಯನ್ನು ನಾನೇ ಕಟ್ಟಿ ಕೊಟ್ಟೆ. ವಾಕ್ಯದ ಭಾವ ಹೀಗಿತ್ತು: ಸಮಿತಿಯ ಹೊಗಳಿಕೆ ಡ್ಯಾಶ್ ಆಗಿತ್ತು, ಒಂದೊಂದು ಮೆಚ್ಚುಗೆಯ ಹಿಂದೆಯೂ ಒಂದು ಆಕ್ಷೇಪ ಬರುತ್ತಿತ್ತು. ಆಯ್ಕೆಗಳು: ಎಫ್ಯೂಸಿವ್, ಕ್ವಾಲಿಫೈಡ್, ಪರ್ಫಂಕ್ಟರಿ, ಯುನಾನಿಮಸ್, ಸಿನ್ಸಿಯರ್. ಅವಳು ಯುನಾನಿಮಸ್ ಆರಿಸಿದಳು. ಸಮಿತಿ ಅಂದಮೇಲೆ ಸರ್ವಾನುಮತ ಇರುತ್ತದೆ ಅನ್ನುವ ಲೆಕ್ಕ.

ಆಯ್ಕೆಗಳನ್ನು ಕೈಯಿಂದ ಮುಚ್ಚಿದೆ. “ಈಗ ಕನ್ನಡದಲ್ಲಿ ಹೇಳು. ಎಂಥ ಹೊಗಳಿಕೆ?”

“ಅರೆಬರೆ ಹೊಗಳಿಕೆ. ಹೊಗಳಿದಂಗೂ ಇರಬೇಕು, ತೆಗಳಿದಂಗೂ ಇರಬೇಕು.”

ಸರಿಯಾದ ಉತ್ತರ ಅವಳ ಬಾಯಲ್ಲೇ ಇತ್ತು. ಕೈ ತೆಗೆದು, ಹಾಗಾದರೆ ಇದರಲ್ಲಿ ಯಾವುದು ಅಂದೆ. ಎಫ್ಯೂಸಿವ್ ಅಂದರೆ ಮನಸಾರೆ ಹೊಗಳುವುದು, ಅದು ಹೋಯಿತು. ಪರ್ಫಂಕ್ಟರಿ ಅಂದರೆ ಕಾಟಾಚಾರದ್ದು. ಕಾಟಾಚಾರಕ್ಕೆ ಹೊಗಳುವವರು ಆಕ್ಷೇಪ ಎತ್ತುವ ಗೋಜಿಗೇ ಹೋಗುವುದಿಲ್ಲ, ಅದೂ ಹೋಯಿತು. “ಕ್ವಾಲಿಫೈಡ್ ಅಂದ್ರೆ ಡಿಗ್ರಿ ಆದವರು. ಹೊಗಳಿಕೆಗೆ ಡಿಗ್ರಿ ಎಲ್ಲಿಂದ ಬರುತ್ತೆ ಮೇಡಂ?” ಅಂತ ಕೇಳಿದಳು.

ಕ್ವಾಲಿಫೈ ಅನ್ನುವುದಕ್ಕೆ ಇನ್ನೊಂದು ಅರ್ಥ ಇದೆ. ಹೇಳಿದ ಮಾತಿಗೆ ಮಿತಿ ಹಾಕುವುದು, ‘ಆದರೆ’ ಸೇರಿಸುವುದು. ಉತ್ತರ ಅದೇ.

ಕನ್ನಡದಲ್ಲಿ ನೆಲೆಸಿದ ಪದಗಳೇ ಜಾಸ್ತಿ ತೊಂದರೆ

ಈ ಒಂದು ಪ್ರಶ್ನೆಯಿಂದ ಒಂದು ದೊಡ್ಡ ಬಾಗಿಲು ತೆರೆಯಿತು. ಅವಳಿಗೆ ಮೋಸವಾಗುತ್ತಿದ್ದದ್ದು ಹೆಚ್ಚಾಗಿ ಅಪರೂಪದ ಪದಗಳಿಂದ ಅಲ್ಲ. ನಾವು ಕನ್ನಡದಲ್ಲೇ ದಿನಾ ಆಡುವ ಇಂಗ್ಲಿಷ್ ಪದಗಳಿಂದ. ಅವು ಕನ್ನಡಕ್ಕೆ ಬರುವಾಗ ಒಂದೇ ಅರ್ಥ ಹೊತ್ತು ಬಂದಿವೆ. ಆ ಒಂದು ಅರ್ಥ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಬೇರೆ ಅರ್ಥಕ್ಕೆ ಜಾಗವೇ ಇರುವುದಿಲ್ಲ. ಗೊತ್ತಿಲ್ಲದ ಪದ ಬಂದರೆ ನಿಂತು ಯೋಚಿಸುತ್ತೇವೆ. ಗೊತ್ತಿದೆ ಅಂದುಕೊಂಡ ಪದದ ಮುಂದೆ ನಿಲ್ಲುವುದೇ ಇಲ್ಲ.

ಸಾಲ ಸ್ಯಾಂಕ್ಷನ್ ಆಯಿತು ಅನ್ನುತ್ತೇವೆ. ಅದೇ ಪದಕ್ಕೆ ದಂಡನೆ, ನಿರ್ಬಂಧ ಅನ್ನುವ ಅರ್ಥವೂ ಇದೆ. ಪೊಲೀಸರು ಅರೆಸ್ಟ್ ಮಾಡುತ್ತಾರೆ. ಪ್ಯಾಸೇಜಿನಲ್ಲಿ ಅರೆಸ್ಟ್ ಆಗುವುದು ಮಣ್ಣಿನ ಸವಕಳಿ, ಅಂದರೆ ತಡೆಯುವುದು. ಚೆಕ್ ಕೂಡ ಹಾಗೇ, ಪರೀಕ್ಷಿಸುವುದರ ಜೊತೆಗೆ ಹತೋಟಿಯಲ್ಲಿಡುವುದು. ಪೆಡೆಸ್ಟ್ರಿಯನ್ ಅಂದರೆ ರಸ್ತೆ ದಾಟುವವರು ಅಂತ ಗೊತ್ತು. ಬರವಣಿಗೆ ಪೆಡೆಸ್ಟ್ರಿಯನ್ ಆಗಿದೆ ಅಂದರೆ ಸಪ್ಪೆಯಾಗಿದೆ ಅಂತ. ಫ್ಲ್ಯಾಗ್ ಬಾವುಟ ಹೌದು. ಉತ್ಸಾಹ ಫ್ಲ್ಯಾಗ್ ಆಯಿತು ಅಂದರೆ ಕುಗ್ಗಿತು ಅಂತ. ಅಪ್ರಿಷಿಯೇಟ್ ಅಂದರೆ ಮೆಚ್ಚುವುದಷ್ಟೇ ಅಲ್ಲ. ಸೈಟಿನ ಬೆಲೆ ಏರುವುದಕ್ಕೂ ಅದೇ ಪದ, ವಿಷಯದ ಸೂಕ್ಷ್ಮ ಅರಿಯುವುದಕ್ಕೂ ಅದೇ. ವಾಂಟಿಂಗ್ ಅಂದರೆ ಕೊರತೆ ಇರುವಂಥದ್ದು. ಡಿಸಿಂಟರೆಸ್ಟೆಡ್ ಅಂದರೆ ಆಸಕ್ತಿ ಇಲ್ಲದವರು ಅಂತ ಅವಳು ಬರೆದಿದ್ದಳು. ಪರೀಕ್ಷೆಗೆ ಬೇಕಾದದ್ದು ಸ್ವಂತ ಲಾಭ ನೋಡದವರು, ನಿಷ್ಪಕ್ಷಪಾತಿಗಳು ಅನ್ನುವ ಅರ್ಥ.

ಇಂಥ ಪದಗಳಿಗೆ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಮೀಸಲಿಟ್ಟಳು. ‘ಗೊತ್ತಿರೋ ಪದಗಳು’ ಅಂತ ತಲೆಬರಹ ಹಾಕಿದಳು. ಇಡೀ ತಯಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಆ ಪುಟಗಳು ಅಂತ ನನ್ನ ನಂಬಿಕೆ.

ವಾಕ್ಯ ತಿರುಗುವ ಜಾಗಗಳದ್ದು ಇನ್ನೊಂದು ಕೆಲಸ. ಇಲ್ಲೂ ಕನ್ನಡ ಕೈಹಿಡಿಯಿತು. ಫಾರ್ ಫ್ರಮ್ ಅಂತ ಶುರುವಾದರೆ ಅವಳು ಗೊಂದಲಕ್ಕೆ ಬೀಳುತ್ತಿದ್ದಳು. ದೂರ ಅನ್ನುವ ಅರ್ಥ ಹಿಡಿದು ಎಲ್ಲೋ ಹೋಗುತ್ತಿದ್ದಳು. ‘ಸಹಾಯ ಮಾಡೋದು ಒತ್ತಟ್ಟಿಗಿರಲಿ, ಅಡ್ಡಗಾಲು ಹಾಕಿದ’ ಅನ್ನುತ್ತೇವಲ್ಲ, ಆ ‘ಒತ್ತಟ್ಟಿಗಿರಲಿ’ ಅದೇ ಅಂದೆ. ಇಫ್ ಎನಿಥಿಂಗ್ ಅಂದರೆ ನಮ್ಮ ‘ಹಾಗೆ ನೋಡಿದರೆ’. ಲೆಸ್ಟ್ ಅಂದರೆ ‘ಎಲ್ಲಿ ಹಾಗಾಗಿಬಿಡುತ್ತೋ ಅಂತ’. ಎರಡು ಇಲ್ಲಗಳು ಸೇರಿ ಬರುವ ವಾಕ್ಯಕ್ಕೆ ‘ಅಸಾಧ್ಯವೇನಲ್ಲ’ ಸಾಕಾಯಿತು. ಇವು ನಿಘಂಟಿನಲ್ಲಿ ಹುಡುಕುವ ಪದಗಳಲ್ಲ. ಆದರೆ ಬಿಟ್ಟ ಸ್ಥಳದ ಉತ್ತರ ನಿಂತಿರುವುದು ಇವುಗಳ ಮೇಲೆ.

ಒಂದು ಪುಟ ಹೇಗಿತ್ತು

ಹಳೇ ನೋಟ್‌ಬುಕ್ ಪಕ್ಕಕ್ಕಿಟ್ಟು ಹೊಸದು ಶುರು ಮಾಡಿದಳು. ದಿನಕ್ಕೆ ಹತ್ತು ಪದಕ್ಕಿಂತ ಜಾಸ್ತಿ ಬೇಡ ಅಂತ ತೀರ್ಮಾನ. ಈಕ್ವಿವೋಕೇಟ್ ಅನ್ನುವ ಪದದ ಪುಟ ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಮೇಲೆ ಆ ಪದ ಸಿಕ್ಕ ವಾಕ್ಯ, ಓದಿದ ಲೇಖನದಿಂದ ಇದ್ದ ಹಾಗೆ ಇಳಿಸಿಕೊಂಡದ್ದು. ಕೆಳಗೆ ಕನ್ನಡ: ‘ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋದು’. ಈ ನುಡಿಗಟ್ಟನ್ನು ಅವಳೇ ಹುಡುಕಿಕೊಂಡಳು. ಇದಕ್ಕಿಂತ ಒಳ್ಳೆಯ ಅರ್ಥ ಯಾವ ನಿಘಂಟೂ ಕೊಡಲಾರದು. ಆಮೇಲೆ ಒಂದು ಮೈನಸ್ ಗುರುತು, ಇದು ಮೆಚ್ಚುಗೆಯ ಪದ ಅಲ್ಲ ಅಂತ. ಆಮೇಲೆ ಹತ್ತಿರದ ಪದಗಳು, ಜೊತೆಗೆ ವ್ಯತ್ಯಾಸ: ಸುಳ್ಳು ಹೇಳುವುದೇ ಬೇರೆ, ಎರಡು ಕಡೆಗೂ ಸಲ್ಲುವ ಹಾಗೆ ಹೇಳಿ ನುಣುಚಿಕೊಳ್ಳುವುದೇ ಬೇರೆ.

ಕೊನೆಗೆ ಅವಳದೇ ಒಂದು ಇಂಗ್ಲಿಷ್ ವಾಕ್ಯ. ಮೊದಲು ಬರೆದದ್ದು ‘ಮಂತ್ರಿ ಈಕ್ವಿವೋಕೇಟ್ ಮಾಡಿದರು’ ಅಂತ. ನಾನು ಒಪ್ಪಲಿಲ್ಲ. ಆ ಜಾಗದಲ್ಲಿ ನಕ್ಕರು ಅಂತ ಹಾಕಿದರೂ ನಡೆಯುತ್ತದೆ, ಎದ್ದುಹೋದರು ಅಂತ ಹಾಕಿದರೂ ನಡೆಯುತ್ತದೆ. ಪದವನ್ನು ಬೆರಳಿಂದ ಮುಚ್ಚಿದರೂ ಅಲ್ಲಿ ಏನಿರಬೇಕು ಅಂತ ಓದುವವರಿಗೆ ಹೊಳೆಯಬೇಕು, ಅಂಥ ವಾಕ್ಯ ಬೇಕು ಅಂದೆ. ಎರಡನೇ ಸಲ ಬರೆದದ್ದು ಹೀಗಿತ್ತು: ರಾಜಕಾಲುವೆ ಕೆಲಸ ಯಾವಾಗ ಮುಗಿಯುತ್ತೆ ಅಂತ ಕೇಳಿದರೆ ಕಂಟ್ರಾಕ್ಟರ್ ಈಕ್ವಿವೋಕೇಟ್ ಮಾಡಿದರು, ಬೇಗ ಆಗಬಹುದು, ತಡವೂ ಆಗಬಹುದು, ಎಲ್ಲ ಮಳೆ ಮೇಲೆ ಅಂದರು. ಇದು ಪರೀಕ್ಷೆಯವರೇ ಕಟ್ಟುವಂಥ ವಾಕ್ಯ. ಇಂಥದ್ದನ್ನು ಬರೆಯಲು ಬಂದವರಿಗೆ ಅದನ್ನು ಬಿಡಿಸಲೂ ಬರುತ್ತದೆ.

ಪ್ಲಸ್, ಮೈನಸ್ ಗುರುತಿನ ಬಗ್ಗೆ ಒಂದು ಮಾತು. ಫ್ರೂಗಲ್, ಪಾರ್ಸಿಮೋನಿಯಸ್ ಎರಡಕ್ಕೂ ಹಳೇ ನೋಟ್‌ಬುಕ್ಕಿನಲ್ಲಿ ಒಂದೇ ಅರ್ಥ ಇತ್ತು. ಅವಳ ಅಜ್ಜಿ ಕಾಯಿ ತುರಿದ ಮೇಲೆ ಕರಟವನ್ನು ಒಲೆಗೆ ಇಡುತ್ತಾರೆ, ನಾರನ್ನು ಪಾತ್ರೆ ತಿಕ್ಕೋಕೆ ಇಟ್ಟುಕೊಳ್ಳುತ್ತಾರೆ, ಆದರೆ ಮನೆಗೆ ಬಂದವರನ್ನು ಊಟ ಇಲ್ಲದೆ ಕಳಿಸುವುದಿಲ್ಲ. ಅದು ಫ್ರೂಗಲ್. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಪಾರ್ಸಿಮೋನಿಯಸ್. ಇಬ್ಬರನ್ನೂ ಒಂದೇ ಪದದಲ್ಲಿ ಕರೆದರೆ ಅಜ್ಜಿಗೆ ಬೇಜಾರಾಗಲ್ವಾ? ಹಾಗಂತ ಅಲ್ಲಿಗೇ ನಿಲ್ಲುವಂತಿಲ್ಲ. ವಿಜ್ಞಾನದ ಪ್ಯಾಸೇಜಿನಲ್ಲಿ ಪಾರ್ಸಿಮೋನಿಯಸ್ ವಿವರಣೆ ಅಂದರೆ ಕಡಿಮೆ ಊಹೆಗಳಲ್ಲಿ ಮುಗಿಯುವ ವಿವರಣೆ. ಅಲ್ಲಿ ಅದು ಹೊಗಳಿಕೆ. ಅದನ್ನೂ ಅದೇ ಪುಟದಲ್ಲಿ ಬರೆಸಿದೆ.

ಉಪಸರ್ಗ ಗೊತ್ತಿದ್ದ ಮಗು

ಇಂಗ್ಲಿಷ್ ಪದಗಳ ಬೇರು ಕಲಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಲ್ಯಾಟಿನ್, ಗ್ರೀಕ್ ಬೇರುಗಳ ಪಟ್ಟಿಯೂ ಸಿಗುತ್ತದೆ. ಆದರೆ ಅದೂ ಒಂದು ಪಟ್ಟಿಯೇ. ಮತ್ತೆ ಬಾಯಿಪಾಠ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ದಾರಿ ಇದೆ. ಹೈಸ್ಕೂಲಿನ ವ್ಯಾಕರಣದಲ್ಲಿ ಉಪಸರ್ಗ ಓದಿರುತ್ತಾರೆ. ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ: ಹಿಂದೆ ಇರುವುದು ಒಂದೇ ಹಾರ, ಮುಂದೆ ಸೇರಿದ್ದು ಬದಲಾದ ಹಾಗೆ ಅರ್ಥ ಎಲ್ಲೆಲ್ಲಿಗೋ ಹೋಗುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲ್ಯಾಟಿನ್ನೂ ಹೀಗೇ ನಡೆಯುತ್ತದೆ ಅಂತ ಯಾರೂ ಹೇಳಿರಲಿಲ್ಲ, ಅಷ್ಟೇ. ಸ್ಪೆಕ್ಟ್ ಅಂದರೆ ನೋಡುವುದು. ಇನ್‌ಸ್ಪೆಕ್ಟ್ ಒಳಹೊಕ್ಕು ನೋಡುವುದು, ರೆಟ್ರೊಸ್ಪೆಕ್ಟ್ ಹಿಂದಕ್ಕೆ ನೋಡುವುದು, ಸರ್ಕಮ್‌ಸ್ಪೆಕ್ಟ್ ಸುತ್ತಮುತ್ತ ನೋಡಿ ಹೆಜ್ಜೆ ಇಡುವುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಭಾಷಣದಲ್ಲಿ ಹೇಳಿದರು. ಕನ್ನಡ ಆ ಕುಟುಂಬಕ್ಕೆ ಸೇರಿದ ಭಾಷೆ ಅಲ್ಲ. ಆದರೆ ಸಂಸ್ಕೃತದಿಂದ ಬಂದ ಪದಗಳು ನಮ್ಮ ಮಾತಿನಲ್ಲಿ ಬೇಕಾದಷ್ಟಿವೆ. ಅವುಗಳ ಮೂಲಕ ಆ ನಂಟು ನಮಗೂ ದಕ್ಕುತ್ತದೆ. ಜ್ಞಾನದ ‘ಜ್ಞಾ’ ಇಂಗ್ಲಿಷಿನ ಕಾಗ್ನಿಜೆಂಟ್, ಪ್ರಾಗ್ನೋಸಿಸ್, ಆ್ಯಗ್ನಾಸ್ಟಿಕ್‌ಗಳಲ್ಲಿ ‘ಗ್ನೋ’ ಆಗಿ, ‘ಗ್ನಿ’ ಆಗಿ ಕೂತಿದೆ. ಅಜ್ಞೇಯ, ಆ್ಯಗ್ನಾಸ್ಟಿಕ್ ಎರಡನ್ನೂ ಒಂದರ ಕೆಳಗೆ ಒಂದು ಬರೆದು ತೋರಿಸಿದಾಗ ಅವಳ ಮುಖ ಅರಳಿತು. ಜನ್ಮದ ‘ಜನ್’ ಪ್ರೊಜೆನಿ, ಕಂಜೆನಿಟಲ್ ಪದಗಳಲ್ಲಿ ಇದೆ. ಕಂಜೆನಿಟಲ್ ಅಂದರೆ ಹುಟ್ಟಿನ ಜೊತೆಗೇ ಬಂದದ್ದು. ನಮ್ಮ ‘ಸಹಜ’ ಕಟ್ಟಿರುವುದೂ ಹಾಗೇ, ಸಹ ಮತ್ತು ಜ. ಯೋಗದ ‘ಯುಜ್’ ಕಾಂಜುಗಲ್, ಸಬ್ಜುಗೇಟ್‌ಗಳಲ್ಲಿ ಇದೆ. ವಾಕ್ ಅನ್ನುವುದು ವೊಸಿಫೆರಸ್‌ನಲ್ಲೂ ಇದೆ, ಮೇಲೆ ಹೇಳಿದ ಈಕ್ವಿವೋಕೇಟ್‌ನಲ್ಲೂ ಇದೆ. ಸಮ ತೂಕದ ಎರಡು ಮಾತು.

ಕೆಲವೊಮ್ಮೆ ಕನ್ನಡ ಪತ್ರಿಕೆಯ ಪದವೇ ಸಾಕು. ಹೇಳಿಕೆಗೆ ಪುಷ್ಟಿ ನೀಡುವ ಸಾಕ್ಷ್ಯ ಅಂತ ದಿನಾ ಓದುತ್ತೇವೆ. ಕರಾಬರೇಟ್ ಅದೇ. ಅದರ ಲ್ಯಾಟಿನ್ ಬೇರಿಗೂ ಬಲ ಅಂತಲೇ ಅರ್ಥ.

ಈ ದಾರಿಯಲ್ಲಿ ಜಾರುವ ಜಾಗಗಳೂ ಇವೆ. ಎನರ್ವೇಟ್ ನೋಡಿದರೆ ಎನರ್ಜಿ ನೆನಪಾಗುತ್ತದೆ, ಅರ್ಥ ಶಕ್ತಿ ಕುಂದಿಸುವುದು. ನಾಯ್ಸಮ್‌ಗೂ ಸದ್ದಿಗೂ ಸಂಬಂಧ ಇಲ್ಲ, ಅದು ಹೇಸಿಗೆ ಹುಟ್ಟಿಸುವ ವಾಸನೆಗೆ ಬಳಸುವ ಪದ. ರೆಸ್ಟಿವ್ ಅಂದರೆ ವಿಶ್ರಾಂತಿ ಅಲ್ಲ, ಹತೋಟಿಗೆ ಸಿಗದೆ ಚಡಪಡಿಸುವುದು. ಬೇರು ನೋಡಿ ಊಹಿಸು, ಆದರೆ ವಾಕ್ಯ ಒಪ್ಪದಿದ್ದರೆ ಊಹೆ ಬಿಟ್ಟುಬಿಡು ಅಂದಿದ್ದೆ.

ಮೆಟ್ರೊದಲ್ಲಿ ಮರುಓದು

ಕಲಿತದ್ದು ಉಳಿಯಬೇಕಲ್ಲ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಮರೆವಿನ ಲೆಕ್ಕ ಬರೆದರು. ಹೆಚ್ಚಿನ ಮರೆವು ಮೊದಲ ದಿನದೊಳಗೇ ಆಗಿಹೋಗುತ್ತದೆ, ಆಮೇಲೆ ನಿಧಾನ. ಅದಕ್ಕೇ ಮೊದಲ ಮರುಓದು ಮಾರನೇ ದಿನವೇ ಆಗಬೇಕು. ನಂತರ ಅಂತರ ಹೆಚ್ಚಿಸುತ್ತಾ ಹೋಗಬಹುದು. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಇದಕ್ಕೊಂದು ಡಬ್ಬಿಯ ಉಪಾಯ ಹೇಳಿಕೊಟ್ಟರು. ಕಾರ್ಡಿನ ಉತ್ತರ ಸರಿ ಹೇಳಿದರೆ ಅದು ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲ ಖಾನೆಗೆ. ಮುಂದಿನ ಖಾನೆಗಳನ್ನು ಅಪರೂಪಕ್ಕೆ ತೆರೆದರೆ ಸಾಕು. 2006ರಲ್ಲಿ ಬಂದ ಆ್ಯಂಕಿ ಅನ್ನುವ ಆ್ಯಪ್ ಇದೇ ಬಗೆಯ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಉಚಿತ.

ಅವಳ ದಿನಚರಿಗೆ ಆ್ಯಪ್ ಹೊಂದಿತು. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ವಿಜಯನಗರದಲ್ಲಿ ಹತ್ತಿದರೆ ಇಳಿಯುವವರೆಗೆ ರೈಲು ಬದಲಿಸುವ ಕೆಲಸ ಇಲ್ಲ. ಬೆಳಗ್ಗೆ ಸೀಟು ಸಿಗುವುದಿಲ್ಲ, ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಫೋನು. ಪುಸ್ತಕ ಓದಲು ಆಗದ ಆ ಹೊತ್ತು ಕಾರ್ಡಿಗೆ ಸರಿಹೋಯಿತು. ಕಾರ್ಡುಗಳನ್ನು ಅವಳೇ ತಯಾರಿಸಬೇಕು ಅನ್ನುವುದೊಂದು ನಿಯಮ. ಬೇರೆಯವರು ಮಾಡಿಟ್ಟ ಸಾವಿರ ಕಾರ್ಡು ಇಳಿಸಿಕೊಂಡರೆ ಮತ್ತೆ ಹಳೇ ಪಟ್ಟಿಯೇ. ಮುಂಭಾಗದಲ್ಲಿ ಬರೀ ಪದ ಅಲ್ಲ, ಪದ ಬಿಟ್ಟ ವಾಕ್ಯ. ಹಿಂದೆ ಪದ ಮತ್ತು ಕನ್ನಡ.

ಮೊದಲು ನೆನಪಿಸಿಕೋ, ಆಮೇಲೆ ಕಾರ್ಡು ತಿರುಗಿಸು ಅಂತ ಒತ್ತಿ ಹೇಳಿದ್ದೆ. ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಮೂರು ಬಣ್ಣದ ಪೆನ್ನಿನ ನೋಟ್‌ಬುಕ್ ಯಾಕೆ ಅವಳಿಗೆ ಕೈಕೊಟ್ಟಿತು ಅನ್ನುವುದಕ್ಕೆ ಇದರಲ್ಲಿ ಉತ್ತರ ಇದೆ. ರಾತ್ರಿ ಓದಿದಾಗ ಎಲ್ಲ ಬಂದ ಹಾಗೆ ಅನ್ನಿಸುತ್ತಿತ್ತು.

ಗೊತ್ತಿದ್ದ ವಿಷಯ, ಗೊತ್ತಿಲ್ಲದ ಪದ

ಪ್ಯಾಸೇಜುಗಳಿಗೆ ಬೇರೆ ಉಪಾಯ ಬೇಕಿತ್ತು. ಅಲ್ಲಿ ಅವಳನ್ನು ಕಟ್ಟಿಹಾಕುತ್ತಿದ್ದದ್ದು ಅಟ್ರಿಬ್ಯೂಟ್, ಇಂಪ್ಲಿಸಿಟ್, ಹೆನ್ಸ್, ಪ್ರಿಸೂಮ್, ಕಾಂಟ್ರಡಿಕ್ಟ್ ಥರದ ಪದಗಳು. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ವಿದ್ವತ್ ಬರಹಗಳಲ್ಲಿ ಪದೇ ಪದೇ ಬರುವ 570 ಪದಕುಟುಂಬಗಳ (ಒಂದೇ ಪದದ ಬೇರೆ ಬೇರೆ ರೂಪಗಳ ಗುಂಪು) ಪಟ್ಟಿ ಪ್ರಕಟಿಸಿದ್ದಾರೆ. ಅಂಥ ಬರಹದ ಸುಮಾರು ಶೇ 10ರಷ್ಟು ಪದಗಳು ಅದರಲ್ಲಿ ಸಿಗುತ್ತವೆ. ಅಪರೂಪದ ಪದಗಳ ಬೆನ್ನುಹತ್ತುವ ಮೊದಲು ಇವು ಬರುತ್ತವೆಯೇ ನೋಡಿಕೊಳ್ಳಬೇಕು. ಪ್ರತಿಯೊಬ್ಬ ಕನ್ನಡ ಮಾಧ್ಯಮದ ಅಭ್ಯರ್ಥಿಗೂ ನಾನು ಇದನ್ನೇ ಹೇಳುತ್ತೇನೆ.

ಓದಲು ಏನು ಕೊಡಬೇಕು ಅಂತ ಯೋಚಿಸುವಾಗ ಅವಳ ಆಸಕ್ತಿಯೇ ದಾರಿ ತೋರಿಸಿತು. ನೀರು, ಕೆರೆ, ಚರಂಡಿ. ಆ ವರ್ಷದ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಅಭಾವ ಬಂದಿತ್ತು, ಬೋರ್‌ವೆಲ್‌ಗಳು ಬತ್ತಿದ್ದವು. ಅದರ ಬಗ್ಗೆ ಇಂಗ್ಲಿಷಿನಲ್ಲಿ ರಾಶಿ ಲೇಖನ ಬಂದಿದ್ದವು. ಬೆಳ್ಳಂದೂರು ಕೆರೆಯ ನೊರೆ, 2017ರಲ್ಲಿ ಅದಕ್ಕೆ ಹತ್ತಿದ ಬೆಂಕಿ, ಅದರ ಮೇಲಂತೂ ಕೇಳುವುದೇ ಬೇಡ. ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾದಾಗ ಮತ್ತಷ್ಟು ಸಿಕ್ಕವು. ಭಾನುವಾರ ಅವನ್ನೆಲ್ಲ ಕೂತು ಓದುತ್ತಿದ್ದಳು.

ವಿಷಯ ಗೊತ್ತಿದ್ದರೆ ಪದ ತಾನಾಗೇ ಅರ್ಥ ಬಿಟ್ಟುಕೊಡುತ್ತದೆ. ಒತ್ತುವರಿ ಪ್ರವಾಹವನ್ನು ಎಕ್ಸಾಸರ್ಬೇಟ್ ಮಾಡಿತು ಅಂತ ಓದಿದಾಗ ನಿಘಂಟು ಬೇಕಾಗಲಿಲ್ಲ. ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ ಅಂತ ತಾನೇ ಬರೆದುಕೊಂಡಳು. ಮಿಟಿಗೇಟ್ ಅದರ ಎದುರು ದಿಕ್ಕು. ಆಸ್ಟೆನ್ಸಿಬ್ಲಿ ಅಂದರೆ ‘ಮೇಲ್ನೋಟಕ್ಕೆ’, ಕೆರೆ ಅಭಿವೃದ್ಧಿ ಅಂತ ಹೇಳಿ ಬೇರೇನೋ ಮಾಡುವಾಗ ಬರುವ ಪದ. ಪ್ರತಿ ಲೇಖನದ ಕೊನೆಗೆ ಕನ್ನಡದಲ್ಲಿ ನಾಲ್ಕು ಸಾಲು: ಬರೆದವರು ಏನು ಹೇಳುತ್ತಿದ್ದಾರೆ, ಯಾರನ್ನು ಒಪ್ಪುವುದಿಲ್ಲ, ಎಲ್ಲಿ ಅನುಮಾನ ಇದೆ. ಇತಿಹಾಸ, ಕಲೆ, ಜೀವಶಾಸ್ತ್ರದ ಬರಹಗಳಿಗೆ ಬಂದದ್ದು ಆಮೇಲೆ.

ಫಲ ಮತ್ತು ಉಳಿದದ್ದು

ಸೆಪ್ಟೆಂಬರ್ ಕೊನೆಯವರೆಗೆ ಮಾಕ್ ಅಂಕ ಅಷ್ಟೇನೂ ಏರಲಿಲ್ಲ. ಅವಳಿಗೆ ಅಳು ಬಂದ ದಿನಗಳಿದ್ದವು. ಆಯ್ಕೆ ಮುಚ್ಚಿ ಮೊದಲು ಕನ್ನಡದಲ್ಲಿ ಹೇಳಿಕೊಳ್ಳುವುದಕ್ಕೆ ಸಮಯ ಹಿಡಿಯುತ್ತಿತ್ತು, ಕೊನೆಯ ಪ್ರಶ್ನೆಗಳು ಉಳಿದುಹೋಗುತ್ತಿದ್ದವು. ಅಕ್ಟೋಬರ್‌ನಲ್ಲಿ ಅದು ಅಭ್ಯಾಸವಾಗಿ ವೇಗ ಬಂತು. ಬರಬರುತ್ತಾ ಕನ್ನಡದ ಹೆಜ್ಜೆ ತಾನಾಗೇ ಕರಗಿ, ಕೆಲವು ಕಡೆ ನೇರವಾಗಿ ಇಂಗ್ಲಿಷ್ ಪದವೇ ಹೊಳೆಯತೊಡಗಿತು. ಇಂಗ್ಲಿಷಿನಲ್ಲೇ ಯೋಚಿಸು ಅಂತ ಯಾರೂ ಹೇಳಬೇಕಾಗಲಿಲ್ಲ.

ನವೆಂಬರ್‌ನ ಪರೀಕ್ಷೆಯಲ್ಲಿ ವರ್ಬಲ್ 157, ಗಣಿತ 165. ಅವಳ ಕೋರ್ಸಿಗೆ ಸಾಕಾಗುವ ಅಂಕ. 21 ದಿನ ಬಿಟ್ಟು ಮತ್ತೆ ಬರೆಯುವ ಅವಕಾಶ ಇತ್ತು, ಬೇಡ ಅಂದಳು. ನನಗೂ ಅದೇ ಸರಿ ಅನ್ನಿಸಿತು.

ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ಮೂರು ಖಾಲಿ ಜಾಗದ ಪ್ರಶ್ನೆಗಳಲ್ಲಿ ಕೊನೆಯವರೆಗೂ ತಪ್ಪುತ್ತಿದ್ದಳು. ಕಲೆ, ಸಾಹಿತ್ಯ ವಿಮರ್ಶೆಯ ಪ್ಯಾಸೇಜುಗಳು ಈಗಲೂ ಕಷ್ಟವೇ. ಅಂಥ ಬರಹವನ್ನು ಅವಳು ಕನ್ನಡದಲ್ಲೂ ಓದಿದವಳಲ್ಲ, ಹಾಗಾಗಿ ಒರಗಲು ಏನೂ ಇರಲಿಲ್ಲ. ಆಡುವ ಇಂಗ್ಲಿಷಿನಲ್ಲೂ ಹೆಚ್ಚು ಬದಲಾವಣೆ ಆಗಲಿಲ್ಲ. ಓದಿದಾಗ ಗುರುತಿಸುವ ಪದ ಬೇರೆ, ಬಾಯಲ್ಲಿ ಬರುವ ಪದ ಬೇರೆ.

ಈಗ ಅರ್ಜಿಯ ಜೊತೆ ಕಳಿಸುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಈ ಕೋರ್ಸು ಯಾಕೆ ಓದಬೇಕು ಅಂತ ವಿವರಿಸುವ ಬರಹ, ಬರೆಯುತ್ತಿದ್ದಾಳೆ. ಮೊದಲ ಕರಡಿನಲ್ಲಿ ಕಲಿತ ಪದಗಳೆಲ್ಲ ಸಾಲಾಗಿ ಬಂದಿದ್ದವು. ಅರಸೀಕೆರೆ ಕಡೆ ಬತ್ತಿದ ಕೆರೆಗಳ ಬಗ್ಗೆ ಬರೆದ ಪ್ಯಾರಾ ಅವುಗಳ ಕೆಳಗೆ ಮುಚ್ಚಿಹೋಗಿತ್ತು. ಅದನ್ನು ಮೇಲಕ್ಕೆ ತಂದು, ಮಿಟಿಗೇಟ್ ಒಂದನ್ನು ಉಳಿಸಿಕೊಂಡು, ಉಳಿದದ್ದನ್ನು ಹೊಡೆದುಹಾಕಿದೆವು. ಎರಡನೇ ಕರಡು ಮುಂದಿನ ಭಾನುವಾರ ತರುತ್ತಾಳೆ.